ಸೊನ್ನೆ ಬಂದ 75 ಜನ: ಒಂದು ಕಾಲೇಜ್ ಕೋಡಿಂಗ್ ಕಾಂಟೆಸ್ಟಿನ ರಿಸಲ್ಟನ್ನ ಪಾಂಡಾಸಲ್ಲಿ ಬಿಚ್ಚಿ ನೋಡಿದ ಪ್ರಕರಣ

ಶನಿವಾರ ಮಧ್ಯಾಹ್ನ ಎರಡಕ್ಕೆ ಶುರುವಾಗಿ ಐದಕ್ಕೆ ಮುಗಿದ ಕಾಂಟೆಸ್ಟು. ಮೂರು ಗಂಟೆ, ಆರು ಪ್ರಾಬ್ಲಂ, ಒಬ್ಬೊಬ್ಬರೇ ಕೂತು ಬರೆಯೋದು, ರೂಲ್ಸ್ ಎಲ್ಲಾ ಐಸಿಪಿಸಿ (ಕಾಲೇಜ್ ಮಕ್ಕಳ ಅಂತರರಾಷ್ಟ್ರೀಯ ಪ್ರೋಗ್ರಾಮಿಂಗ್ ಸ್ಪರ್ಧೆ) ತರ. ನಮ್ಮದು ಮೈಸೂರು ರೀಜನ್ನಿನ ಒಂದು ವಿಟಿಯು ಕಾಲೇಜು, ಹೆಸರು ಇಲ್ಲಿ ಬೇಡ. ಎರಡನೇ ಮತ್ತೆ ಮೂರನೇ ವರ್ಷದ ಮಕ್ಕಳಲ್ಲಿ ಯಾರನ್ನ ಸ್ಪೆಷಲ್ ಟ್ರೈನಿಂಗ್ ಬ್ಯಾಚಿಗೆ ತಗೋಬೇಕು ಅಂತ ನೋಡೋದು, ಆಮೇಲೆ ಅವರಲ್ಲೇ ಮೂರು ಮೂರು ಜನರ ಟೀಂ ಕಟ್ಟಿ ಐಸಿಪಿಸಿಯ ಅಮೃತಪುರಿ (ಕೇರಳ) ರೀಜನಲ್ಲಿನ ಆನ್‌ಲೈನ್ ರೌಂಡಿಗೆ ಕಳಿಸೋದು, ಇಷ್ಟೇ ಇದ್ದಿದ್ದು ಉದ್ದೇಶ. ರಿಸಲ್ಟ್ ಶೀಟ್ ಮಾಡೋ ಕೆಲಸ ನನ್ನ ತಲೆಗೆ ಬಂತು.

ಭಾನುವಾರ ರಾತ್ರಿ ಪೈಥಾನಲ್ಲಿ ಒಂದು ನಲವತ್ತು ಲೈನ್ ಸ್ಕ್ರಿಪ್ಟ್ ಬರೆದು ಓಡಿಸಿ ಎಕ್ಸೆಲ್ ಮಾಡಿ ಎಚ್‌ಓಡಿಗೆ ಮೇಲ್ ಮಾಡಿ ಮಲಗಿದೆ. ಸೋಮವಾರ ಬೆಳಿಗ್ಗೆ ಸ್ಟಾಫ್ ರೂಮಲ್ಲಿ ಅದೇ ಮಾತು, ಅರ್ಧಕ್ಕರ್ಧ ಮಕ್ಕಳಿಗೆ ಸೊನ್ನೆ ಬಂದಿದೆಯಲ್ಲ, ಇವರಿಗೆ ಎರಡು ವರ್ಷದಿಂದ ಏನು ಕಲಿಸಿದೀವಿ ನಾವು ಅಂತ. ಶೀಟಲ್ಲಿ 151 ಸಾಲು, ಅದರಲ್ಲಿ 75 ಜನರ ಮುಂದೆ ಸಾಲ್ವ್ಡ್ ಅನ್ನೋ ಕಾಲಮ್ಮಲ್ಲಿ ಸೊನ್ನೆ. ಒಂದಾದ್ರೂ ಸಾಲ್ವ್ ಮಾಡಿದವರು ಟ್ರೈನಿಂಗ್ ಬ್ಯಾಚಿಗೆ, ಮಿಕ್ಕವರಿಗೆ ಮೊದಲಿಂದ ಬೇಸಿಕ್ ಸಿ ಪಾಠ, ಅಂತ ಅಲ್ಲೇ ತೀರ್ಮಾನ ಆಗೋದ್ರಲ್ಲಿತ್ತು. ನನಗೂ ಅದು ಸರಿ ಅನ್ನಿಸಿತ್ತು, ನಿಜ ಹೇಳ್ತೀನಿ.

ಹನ್ನೊಂದು ಗಂಟೆಗೆ ಐದನೇ ಸೆಮ್ಮಿನ ಒಬ್ಬಳು ಹುಡುಗಿ ಬಾಗಿಲಲ್ಲಿ ನಿಂತ್ಕೊಂಡು, "ಸರ್, ನಂದು ಎರಡು ಪ್ರಾಬ್ಲಂ ಹಸಿರು ಬಂದಿತ್ತು, ಶೀಟಲ್ಲಿ ಸೊನ್ನೆ ಇದೆ" ಅಂದಳು. ಜೋರಾಗೇನೂ ಹೇಳಲಿಲ್ಲ. ತಪ್ಪು ತನ್ನದೇ ಇರಬಹುದು ಅನ್ನೋ ತರ ಇತ್ತು ದನಿ. ನಾನು ಜಡ್ಜ್ ಸರ್ವರಿಗೆ (ಮಕ್ಕಳ ಕೋಡನ್ನ ಓಡಿಸಿ ಪಾಸಾದ್ರೆ ಹಸಿರು ತೋರಿಸೋ ಸಾಫ್ಟ್‌ವೇರ್) ಲಾಗಿನ್ ಆಗಿ ನೋಡಿದ್ರೆ ಅವಳು ಹೇಳಿದ್ದು ಸರಿಯಾಗೇ ಇದೆ, ಎರಡು ಹಸಿರು. ಈ ಬರಹ ಅಲ್ಲಿಂದ ಮುಂದೆ ಒಂದು ವಾರ ಏನಾಯ್ತು ಅನ್ನೋದು.

ನನ್ನ ಹತ್ರ ಇದ್ದಿದ್ದು ಎರಡು ಫೈಲು. ಒಂದು ಮಕ್ಕಳು ತಾವೇ ತುಂಬಿದ ಗೂಗಲ್ ಫಾರ್ಮಿನ ಸಿಎಸ್‌ವಿ: ಹೆಸರು, ಯುಎಸ್‌ಎನ್ (ವಿಟಿಯು ಪ್ರತಿ ವಿದ್ಯಾರ್ಥಿಗೆ ಕೊಡೋ ನಂಬರ್), ಸೆಕ್ಷನ್, ಸಿಸ್ಟಂ ನಂಬರ್. ಇನ್ನೊಂದು ಜಡ್ಜ್ ಕೊಟ್ಟ ಸಬ್ಮಿಷನ್ ಲಾಗು: ಯಾರು, ಯಾವ ಪ್ರಾಬ್ಲಂ, ಯಾವ ಭಾಷೆ, ಎಷ್ಟೊತ್ತಿಗೆ, ಏನು ತೀರ್ಪು ಬಂತು, ಜೊತೆಗೆ ಸೋರ್ಸ್ ಕೋಡು. 1,126 ಸಾಲಿತ್ತು ಅದು. ಕಣ್ಣಲ್ಲಿ ನೋಡಿ ಮುಗಿಸೋಕೆ ಜಾಸ್ತಿ, ಡೇಟಾಬೇಸ್ ಹಾಕೋಕೆ ಕಮ್ಮಿ, ಪಾಂಡಾಸಿಗೆ ಹೇಳಿ ಮಾಡಿಸಿದ ಸೈಜು. ಪಾಂಡಾಸ್ ಗೊತ್ತಿಲ್ಲದವರಿಗೆ ಒಂದು ಮಾತು: ಎಕ್ಸೆಲ್ ಶೀಟ್ ತರದ ಟೇಬಲ್ಲನ್ನ ಪೈಥಾನ್ ಒಳಗೆ ಇಟ್ಕೊಂಡು ಸೋಸೋದು, ಗುಂಪು ಮಾಡೋದು, ಜೋಡಿಸೋದು ಎಲ್ಲ ಮಾಡಬಹುದಾದ ಲೈಬ್ರರಿ. 2008ರಲ್ಲಿ ವೆಸ್ ಮೆಕಿನ್ನಿ ಅನ್ನೋರು ಒಂದು ಇನ್ವೆಸ್ಟ್‌ಮೆಂಟ್ ಕಂಪನಿಯಲ್ಲಿದ್ದಾಗ ಶುರು ಮಾಡಿದ್ದು. ಹೆಸರು ಬಂದಿದ್ದು ಪ್ಯಾನಲ್ ಡೇಟಾ ಅನ್ನೋ ಪದದಿಂದ, ಕರಡಿಗೂ ಅದಕ್ಕೂ ಸಂಬಂಧ ಇಲ್ಲ. ಮಕ್ಕಳು ಪ್ರತಿ ಬ್ಯಾಚಲ್ಲೂ ಇದನ್ನ ಕೇಳ್ತಾರೆ, ಅದಕ್ಕೆ ಬರೆದೆ.

ಮೊದಲು ಆ ಹುಡುಗಿ ಯಾಕೆ ಸೊನ್ನೆ ಆದಳು ಅಂತ ನೋಡೋಣ. ವಿಟಿಯು ಯುಎಸ್‌ಎನ್ ಹತ್ತು ಅಕ್ಷರದ್ದು. ಮೊದಲನೇ ಅಂಕಿ ರೀಜನ್ನು, ಬೆಂಗಳೂರು ಕಡೆ 1, ಬೆಳಗಾವಿ 2, ಕಲಬುರಗಿ 3, ಮೈಸೂರು ಕಡೆ 4. ಆಮೇಲೆ ಎರಡಕ್ಷರ ಕಾಲೇಜ್ ಕೋಡು, ಎರಡಂಕಿ ಸೇರಿದ ವರ್ಷ, ಎರಡಕ್ಷರ ಬ್ರಾಂಚು, ಕೊನೆಗೆ ಮೂರಂಕಿ ರೋಲ್ ನಂಬರು. ಜಡ್ಜಿನ ಲಾಗಿನ್‌ಗಳನ್ನ ಲ್ಯಾಬಿನವರು ಕ್ಲಾಸ್ ಲಿಸ್ಟ್ ನೋಡಿ ಮಾಡಿದ್ದು, ಅದರಲ್ಲಿ ತಪ್ಪಿರಲಿಲ್ಲ. ಫಾರ್ಮಲ್ಲಿ ಮಾತ್ರ ಮಕ್ಕಳು ಮೊಬೈಲಲ್ಲಿ ಟೈಪ್ ಮಾಡಿದ್ದು. ಈ ಹುಡುಗಿಯ ರೋಲ್ ನಂಬರ್ 045, ಅವಳು ಸೊನ್ನೆ ಜಾಗದಲ್ಲಿ ಇಂಗ್ಲಿಷಿನ ಓ ಅಕ್ಷರ ಹೊಡೆದಿದ್ದಳು. ಸ್ಕ್ರೀನಲ್ಲಿ ನೋಡಿದ್ರೆ ಎರಡೂ ಒಂದೇ ತರ ಕಾಣ್ತವೆ, ನಾನೇ ಝೂಮ್ ಮಾಡಿ ನೋಡಬೇಕಾಯ್ತು.

ನನ್ನ ಸ್ಕ್ರಿಪ್ಟಲ್ಲಿ ಏನಿತ್ತು ಅಂದ್ರೆ, ಫಾರ್ಮಿನ ಟೇಬಲ್ಲನ್ನ ಎಡಕ್ಕಿಟ್ಟು ಲಾಗಿಂದ ತೆಗೆದ ಸಾಲ್ವ್ಡ್ ಲೆಕ್ಕಾನ ಯುಎಸ್‌ಎನ್ ಮೇಲೆ ಲೆಫ್ಟ್ ಮರ್ಜ್ ಮಾಡಿದ್ದೆ (ಎಡಗಡೆಯ ಎಲ್ಲಾ ಸಾಲು ಉಳಿಯುತ್ತೆ, ಬಲಗಡೆ ತಾಳೆ ಆಗದಿದ್ರೆ ಜಾಗ ಖಾಲಿ), ಆಮೇಲೆ ಖಾಲಿ ಬಂದ ಜಾಗಕ್ಕೆಲ್ಲ ಫಿಲ್‌ಎನ್‌ಎ ಸೊನ್ನೆ. ಈ ಎರಡು ಲೈನ್ ಸೇರಿದ್ರೆ ಏನಾಗುತ್ತೆ ಅಂತ ಯೋಚನೆ ಮಾಡಿ ನೋಡಿ. ಕಾಂಟೆಸ್ಟಿಗೆ ಬರದೇ ಇದ್ದವರೂ ಸೊನ್ನೆ, ಬಂದು ಏನೂ ಕಳಿಸದವರೂ ಸೊನ್ನೆ, ಯುಎಸ್‌ಎನ್ ತಾಳೆ ಆಗದವರೂ ಸೊನ್ನೆ, ಪಾಪ ಕಷ್ಟಪಟ್ಟು ಹತ್ತು ಸಲ ಕಳಿಸಿ ಒಂದೂ ಪಾಸಾಗದವರೂ ಅದೇ ಸೊನ್ನೆ. ನಾಲ್ಕು ಬೇರೆ ಬೇರೆ ಕಥೆ, ಶೀಟಲ್ಲಿ ಕಾಣೋದು ಒಂದೇ ಅಂಕಿ. ಪಾಂಡಾಸ್ ಖಾಲಿ ಜಾಗಕ್ಕೆ ಎನ್‌ಎಎನ್ ಅಂತ ಇಡೋದೇ "ನನಗೆ ಗೊತ್ತಿಲ್ಲ" ಅಂತ ಹೇಳೋಕೆ, ನಾನು ಅದರ ಬಾಯಿ ಮುಚ್ಚಿಸಿ "ಸೊನ್ನೆ" ಅಂತ ಹೇಳಿಸಿಬಿಟ್ಟಿದ್ದೆ.

ಮರ್ಜಿಗೆ ಇಂಡಿಕೇಟರ್ ಅಂತ ಒಂದು ಆಪ್ಷನ್ ಇದೆ, ಅದನ್ನ ಟ್ರೂ ಮಾಡಿ ಎರಡೂ ಕಡೆಯಿಂದ ಔಟರ್ ಮರ್ಜ್ ಹಾಕಿದ್ರೆ ಪ್ರತಿ ಸಾಲಿನ ಮುಂದೆ ಇದು ಎಡಗಡೆ ಮಾತ್ರ ಇದೆ, ಬಲಗಡೆ ಮಾತ್ರ ಇದೆ, ಎರಡೂ ಕಡೆ ಇದೆ ಅಂತ ಬರೆದು ಕೊಡುತ್ತೆ. ಹಾಕಿದೆ. ಬಲಗಡೆ ಮಾತ್ರ ಇದ್ದವರು 9 ಜನ, ಅಂದ್ರೆ ಕಾಂಟೆಸ್ಟ್ ಬರೆದಿದ್ದಾರೆ, ಫಾರ್ಮಲ್ಲಿ ಆ ಯುಎಸ್‌ಎನ್ ಇಲ್ಲ. ಐದು ಜನರದ್ದು ಓ ಮತ್ತೆ ಸೊನ್ನೆ ಗಲಾಟೆ, ಮೂರು ಜನ ನಂಬರಿನ ಮಧ್ಯೆ ಸ್ಪೇಸ್ ಬಿಟ್ಟಿದ್ದರು, ಒಬ್ಬ ಬ್ರಾಂಚಿನ ಎರಡಕ್ಷರ ಹಿಂದೆ ಮುಂದೆ ಮಾಡಿದ್ದ. ಸ್ಪೇಸನ್ನ ರಿಪ್ಲೇಸ್ ಮಾಡಿ ತೆಗೆದೆ. ಓ ಅಕ್ಷರಾನ ಕಂಡಲ್ಲೆಲ್ಲ ಸೊನ್ನೆ ಮಾಡೋ ಹಾಗಿಲ್ಲ, ಕಾಲೇಜ್ ಕೋಡಲ್ಲೋ ಬ್ರಾಂಚಲ್ಲೋ ನಿಜವಾದ ಓ ಇರಬಹುದು, ಅದಕ್ಕೆ 4ನೇ 5ನೇ ಅಕ್ಷರ ಮತ್ತೆ ಕೊನೆ ಮೂರು ಅಕ್ಷರದ ಜಾಗದಲ್ಲಿ ಮಾತ್ರ ಬದಲಾಯಿಸಿದೆ. ಅಕ್ಷರ ತಿರುಗಿಸಿದವನದ್ದು ಕೈಯಲ್ಲೇ ತಿದ್ದಿದೆ, ಒಬ್ಬನಿಗೋಸ್ಕರ ರೂಲ್ ಬರೆದ್ರೆ ಆ ರೂಲು ಇನ್ನೊಬ್ಬನ್ನ ಕೆಡಿಸುತ್ತೆ.

ಆ 9 ಜನರಲ್ಲಿ 6 ಜನ ಒಂದಾದ್ರೂ ಸಾಲ್ವ್ ಮಾಡಿದ್ದರು. ಆರು ಜನ ಒಂದು ಅಕ್ಷರದಿಂದ ಬ್ಯಾಚ್ ತಪ್ಪಿಸಿಕೊಳ್ಳೋರಿದ್ದರು, ಅದರಲ್ಲಿ ಬಂದು ಕೇಳಿದ್ದು ಒಬ್ಬಳೇ. ಮಿಕ್ಕ ಐದು ಜನ ಸುಮ್ಮನೆ ಒಪ್ಪಿಕೊಂಡಿದ್ದರು. ಅದು ನನಗೆ ಈಗಲೂ ಚುಚ್ಚುತ್ತೆ.

ಇಷ್ಟು ತಿದ್ದಿದ ಮೇಲೆ ಎಡಗಡೆ ಮಾತ್ರ ಉಳಿದವರು 17, ಅಂದ್ರೆ ಫಾರ್ಮಲ್ಲಿ ಇದ್ದಾರೆ, ಲಾಗಲ್ಲಿ ಇಲ್ಲ. ಅಟೆಂಡೆನ್ಸ್ ಶೀಟ್ ತೆಗೆದು ನೋಡಿದೆ, 12 ಜನ ಬಂದೇ ಇರಲಿಲ್ಲ, 5 ಜನ ಬಂದು ಮೂರು ಗಂಟೆ ಕೂತು ಒಂದೂ ಸಬ್ಮಿಟ್ ಮಾಡದೆ ಎದ್ದು ಹೋಗಿದ್ದಾರೆ. ಆ ಐದು ಜನರ ವಿಷಯ ಯಾವ ಲೈಬ್ರರಿಯಿಂದಲೂ ಗೊತ್ತಾಗಲ್ಲ, ಕರೆದು ಮಾತಾಡಿಸಬೇಕು, ಆಮೇಲೆ ಮಾತಾಡಿಸಿದ್ವಿ. ಹಾಗಾಗಿ ಸರಿಯಾದ ಲೆಕ್ಕ ಹೀಗೆ: ಬರೆದು ಕಳಿಸಿದವರು 134, ಒಂದಾದ್ರೂ ಸಾಲ್ವ್ ಮಾಡಿದವರು 82, ಕಳಿಸಿಯೂ ಸೊನ್ನೆ ಬಂದವರು 52. ಎಪ್ಪತ್ತೈದು ಐವತ್ತೆರಡಾಯ್ತು.

ಇಷ್ಟೊತ್ತಿಗೆ ನನ್ನ ಸ್ಕ್ರಿಪ್ಟಿನ ಮೇಲೆ ನನಗೇ ನಂಬಿಕೆ ಹೋಗಿತ್ತು, ರ‍್ಯಾಂಕ್ ಕೂಡ ಸರಿ ಇದೆಯೋ ಇಲ್ಲವೋ ಅಂತ ಕೂತು ಮೊದಲಿಂದ ನೋಡಿದೆ. ಐಸಿಪಿಸಿ ರೂಲ್ ಸಿಂಪಲ್ಲು: ಮೊದಲು ಎಷ್ಟು ಸಾಲ್ವ್ ಮಾಡಿದ್ರು ಅನ್ನೋದು, ಸಮ ಬಂದ್ರೆ ಪೆನಾಲ್ಟಿ ಟೈಮ್ ಕಮ್ಮಿ ಇದ್ದವರು ಮೇಲೆ. ಪೆನಾಲ್ಟಿ ಅಂದ್ರೆ ಸಾಲ್ವ್ ಆದ ಪ್ರತಿ ಪ್ರಾಬ್ಲಮ್ಮಿಗೆ ಶುರುವಿಂದ ಆದ ನಿಮಿಷ, ಅದರ ಜೊತೆ ಅದಕ್ಕೂ ಮುಂಚೆ ಮಾಡಿದ ಪ್ರತಿ ತಪ್ಪು ಸಬ್ಮಿಷನ್ನಿಗೆ 20 ನಿಮಿಷ. ಸಾಲ್ವೇ ಆಗದ ಪ್ರಾಬ್ಲಮ್ಮಿನ ತಪ್ಪುಗಳಿಗೆ ದಂಡ ಇಲ್ಲ. ಕಂಪೈಲ್ ಎರರಿಗೂ (ಕೋಡು ಓಡೋಕೆ ಮುಂಚೆಯೇ ನಿಂತರೆ) ದಂಡ ಇಲ್ಲ ಅಂತ ನಾವು ಮೊದಲೇ ಅನೌನ್ಸ್ ಮಾಡಿದ್ವಿ.

ಅದೇ ಹುಡುಗಿಯ ಬಿ ಪ್ರಾಬ್ಲಂ ತಗೊಳ್ಳಿ. 18ನೇ ನಿಮಿಷ ರಾಂಗ್ ಆನ್ಸರ್, 25ಕ್ಕೆ ಕಂಪೈಲ್ ಎರರ್, 31ಕ್ಕೆ ಅಕ್ಸೆಪ್ಟೆಡ್. ಆಮೇಲೆ 40ನೇ ನಿಮಿಷದಲ್ಲಿ ಇನ್ನೊಂದು ಪ್ರಾಬ್ಲಮ್ಮಿನ ಕೋಡನ್ನ ತಪ್ಪಿ ಬಿಗೇ ಕಳಿಸಿದ್ದಾಳೆ, ಅದು ರಾಂಗ್ ಆನ್ಸರ್. ಸರಿಯಾದ ಪೆನಾಲ್ಟಿ 31 ಕೂಡಿಸು 20, ಒಟ್ಟು 51. ನನ್ನ ಮೊದಲನೇ ಸ್ಕ್ರಿಪ್ಟು ಅಕ್ಸೆಪ್ಟೆಡ್ ಅಲ್ಲದ ಎಲ್ಲಾ ಸಾಲನ್ನೂ ಎಣಿಸ್ತಿತ್ತು, ಮೂರು ತಪ್ಪು, 60, ಅದಕ್ಕೆ 31, ಒಟ್ಟು 91. ನಲವತ್ತು ನಿಮಿಷ ಸುಮ್ಮಸುಮ್ಮನೆ ಜಾಸ್ತಿ, ರ‍್ಯಾಂಕಲ್ಲಿ ಅದು ಹತ್ತು ಹನ್ನೆರಡು ಜಾಗ.

ಸರಿ ಮಾಡಿದ್ದು ಹೇಗೆ ಅಂದ್ರೆ, ಅಕ್ಸೆಪ್ಟೆಡ್ ಸಾಲುಗಳ ನಿಮಿಷ ಮಾತ್ರ ಉಳಿಸಿ ಮಿಕ್ಕಿದ್ದನ್ನ ಖಾಲಿ ಮಾಡಿ, ಯುಎಸ್‌ಎನ್ ಮತ್ತೆ ಪ್ರಾಬ್ಲಂ ಮೇಲೆ ಗ್ರೂಪ್‌ಬೈ ಹಾಕಿ ಟ್ರಾನ್ಸ್‌ಫಾರ್ಮ್ ಮಿನ್ ತಗೊಂಡೆ, ಆಗ ಪ್ರತಿ ಸಾಲಿನ ಪಕ್ಕದಲ್ಲೂ ಆ ಪ್ರಾಬ್ಲಂ ಮೊದಲು ಯಾವಾಗ ಸಾಲ್ವ್ ಆಯ್ತು ಅನ್ನೋ ನಿಮಿಷ ಕೂರುತ್ತೆ. ಆಮೇಲೆ ಸಾಲಿನ ನಿಮಿಷ ಅದಕ್ಕಿಂತ ಕಮ್ಮಿ ಇರಬೇಕು, ತೀರ್ಪು ಕಂಪೈಲ್ ಎರರ್ ಆಗಿರಬಾರದು, ಇಷ್ಟು ಸೋಸಿ ಎಣಿಸಿದ್ರೆ ಮುಗೀತು. ಇದರಲ್ಲಿ ಒಂದು ಚೆಂದ ಇದೆ, ಸಾಲ್ವ್ ಆಗದ ಪ್ರಾಬ್ಲಮ್ಮಿಗೆ ಆ ನಿಮಿಷ ಎನ್‌ಎಎನ್ ಆಗಿರುತ್ತೆ, ಎನ್‌ಎಎನ್ ಜೊತೆ ಯಾವ ಸಂಖ್ಯೆನ ಕಮ್ಮಿನಾ ಜಾಸ್ತಿನಾ ಅಂತ ಹೋಲಿಸಿದ್ರೂ ಉತ್ತರ ಫಾಲ್ಸೇ, ಹಾಗಾಗಿ ಆ ತಪ್ಪುಗಳು ತಾವಾಗೇ ಉದುರಿ ಹೋಗ್ತವೆ, ಬೇರೆ ಕಂಡೀಷನ್ ಬರೆಯೋದೇ ಬೇಡ. ಮೊದಲು ಎನ್‌ಎಎನ್ನಿನ ಬಾಯಿ ಮುಚ್ಚಿಸಿದ್ದಕ್ಕೆ ಪೆಟ್ಟು ತಿಂದೆ, ಇಲ್ಲಿ ಅದನ್ನ ಅದರ ಪಾಡಿಗೆ ಬಿಟ್ಟಿದ್ದಕ್ಕೆ ಕೆಲಸ ಹಗುರ ಆಯ್ತು.

ಟೈಮ್ ಝೋನಿನದ್ದು ಬೇಗ ಹೇಳಿ ಮುಗಿಸ್ತೀನಿ. ಸರ್ವರ್ ಲಾಗ್ ಯುಟಿಸಿ ಅನ್ನೋ ಜಾಗತಿಕ ಸಮಯದಲ್ಲಿತ್ತು, ನಾನು ಮಧ್ಯಾಹ್ನ 2 ಗಂಟೆಯನ್ನ ಹಾಗೇ ಕಳೆದ್ರೆ ಆ ಹುಡುಗಿಯ ಮೊದಲ ಸಬ್ಮಿಷನ್ ಮೈನಸ್ 312ನೇ ನಿಮಿಷಕ್ಕೆ ಬಿತ್ತು. ನಮಗೂ ಯುಟಿಸಿಗೂ ಐದೂವರೆ ಗಂಟೆ, 330 ನಿಮಿಷ ವ್ಯತ್ಯಾಸ. ಇದು ಭಾನುವಾರವೇ ಕಣ್ಣಿಗೆ ಬಿದ್ದಿತ್ತು, ಮೈನಸ್ ಇದ್ದಿದ್ದಕ್ಕೆ. ಟಿಝಡ್ ಲೋಕಲೈಝ್ ಮಾಡಿ ಏಷ್ಯಾ ಕೋಲ್ಕತ್ತಾಗೆ ಕನ್ವರ್ಟ್ ಮಾಡಿದ್ರೆ ಸರಿ ಹೋಗುತ್ತೆ. ರ‍್ಯಾಂಕ್ ಫಂಕ್ಷನ್ನೂ ನೋಡ್ಕೊಳ್ಳಿ, ಸಮ ಬಂದವರಿಗೆ ಅದು ಡೀಫಾಲ್ಟಾಗಿ ಸರಾಸರಿ ರ‍್ಯಾಂಕ್ ಕೊಡುತ್ತೆ, 17.5ನೇ ರ‍್ಯಾಂಕ್ ಅಂತ ನೋಟಿಸ್ ಬೋರ್ಡಲ್ಲಿ ಹಾಕೋಕಾಗಲ್ಲ, ಮೆಥಡ್ ಮಿನ್ ಅಂತ ಕೊಡಬೇಕು. ಸಿಸ್ಟಂ ನಂಬರ್ 05 ಅಂತ ಇದ್ದಿದ್ದು 5 ಆಗಬಾರದು ಅಂದ್ರೆ ಸಿಎಸ್‌ವಿ ಓದುವಾಗಲೇ ಡಿಟೈಪ್ ಸ್ಟ್ರಿಂಗ್ ಅಂತ ಹೇಳಿ.

ಈಗ ನಿಜವಾದ ವಿಷಯಕ್ಕೆ ಬರ್ತೀನಿ, ಆ 52 ಜನ.

ರಿಸಲ್ಟ್ ಶೀಟ್ ನೋಡೋರಿಗೆ ಈ 52 ಜನ ಮೂರು ಗಂಟೆ ಏನು ಮಾಡಿದ್ರು ಅನ್ನೋದು ಕಾಣೋದೇ ಇಲ್ಲ. ಲಾಗಲ್ಲಿ ಕಾಣುತ್ತೆ. ಇವರ ಸಾಲುಗಳನ್ನ ಮಾತ್ರ ಸೋಸಿ ಪ್ರಾಬ್ಲಂ ಮೇಲೆ ವ್ಯಾಲ್ಯೂ ಕೌಂಟ್ಸ್ ಹಾಕಿದೆ, ಹೆಚ್ಚು ಕಮ್ಮಿ ಎಲ್ಲಾ ಎ ಪ್ರಾಬ್ಲಮ್ಮೇ. ಎ ಅಂದ್ರೆ ನಾವು ಎಲ್ಲರಿಗೂ ಬರಲಿ ಅಂತ ಇಟ್ಟಿದ್ದು: ಎಷ್ಟು ಟೆಸ್ಟ್ ಕೇಸ್ ಅಂತ ಒಂದು ಸಂಖ್ಯೆ, ಆಮೇಲೆ ಪ್ರತಿಯೊಂದಕ್ಕೂ ಒಂದು ಸಾಲಲ್ಲಿ ಎಷ್ಟು ಸಂಖ್ಯೆ ಅಂತ, ಮುಂದಿನ ಸಾಲಲ್ಲಿ ಆ ಸಂಖ್ಯೆಗಳು, ಅದರಲ್ಲಿ ಅತಿ ದೊಡ್ಡದರಿಂದ ಅತಿ ಚಿಕ್ಕದನ್ನ ಕಳೆದು ಪ್ರಿಂಟ್ ಮಾಡಬೇಕು. ಎರಡನೇ ಸೆಮ್ಮಿನ ಮಗೂಗೂ ಬರೋ ಲಾಜಿಕ್ಕು. ಇದಕ್ಕೆ 52 ಜನ ಸೊನ್ನೆ ಅಂದ್ರೆ ನನಗೆ ನಂಬೋಕಾಗಲಿಲ್ಲ, ಸುಮ್ಮನೆ ಒಬ್ಬ ಹುಡುಗನ ಸೋರ್ಸ್ ಕೋಡನ್ನ ಸ್ಕ್ರೀನ್ ಮೇಲೆ ಪ್ರಿಂಟ್ ಮಾಡಿದೆ.

ಮೇನ್ ಫಂಕ್ಷನ್ನಿನ ಮೊದಲನೇ ಲೈನೇ ಸ್ಕ್ರೀನಿಗೆ ಬರೆಯೋ ಪ್ರಿಂಟ್‌ಎಫ್, ಅದರೊಳಗೆ "ಎಂಟರ್ ದ ನಂಬರ್ ಆಫ್ ಟೆಸ್ಟ್ ಕೇಸಸ್". ಆಮೇಲೆ ಇನ್‌ಪುಟ್ ಓದೋ ಸ್ಕ್ಯಾನ್‌ಎಫ್. ಮತ್ತೆ "ಎಂಟರ್ ದ ವ್ಯಾಲ್ಯೂ ಆಫ್ ಎನ್". ಮತ್ತೆ "ಎಂಟರ್ ದ ಎಲಿಮೆಂಟ್ಸ್". ಕೊನೆಗೆ ಉತ್ತರದ ಹಿಂದೆ "ದ ಡಿಫರೆನ್ಸ್ ಈಸ್". ಲ್ಯಾಬ್ ರೆಕಾರ್ಡಲ್ಲಿ ನಾವೇ ಬರೆಸೋ ತರ, ಅಚ್ಚುಕಟ್ಟಾಗಿ.

ಜಡ್ಜ್ ಅನ್ನೋದು ಮನುಷ್ಯ ಅಲ್ವಲ್ಲ. ಅದು ನಿಮ್ಮ ಪ್ರೋಗ್ರಾಂ ಹೊರಗೆ ಹಾಕಿದ ಅಕ್ಷರಗಳನ್ನ ತನ್ನ ಹತ್ರ ಇರೋ ಉತ್ತರದ ಫೈಲ್ ಜೊತೆ ತಾಳೆ ನೋಡುತ್ತೆ, ಅಷ್ಟೇ. ಸ್ಪೇಸು, ಕೊನೆ ಲೈನಿನ ಎಂಟರು ಹೆಚ್ಚು ಕಮ್ಮಿ ಇದ್ರೆ ಕ್ಷಮಿಸಬಹುದು, ಉತ್ತರ 7 ಇರೋ ಕಡೆ "ದ ಡಿಫರೆನ್ಸ್ ಈಸ್ 7" ಅಂತ ಬಂದ್ರೆ ರಾಂಗ್ ಆನ್ಸರ್ ಅನ್ನುತ್ತೆ. ಯಾಕೆ ರಾಂಗ್ ಅಂತ ಹೇಳಲ್ಲ. ಮಗು ಏನಂದುಕೊಳ್ಳುತ್ತೆ? ಲಾಜಿಕ್ ತಪ್ಪಿದೆ ಅಂದುಕೊಳ್ಳುತ್ತೆ.

ಪಾಂಡಾಸಲ್ಲಿ ಒಂದೇ ಲೈನು ಹಾಕಿದೆ. ಸೋರ್ಸ್ ಕಾಲಮ್ಮಿನ ಮೇಲೆ ಸ್ಟ್ರಿಂಗ್ ಕಂಟೇನ್ಸ್, ಹುಡುಕೋ ಪದ ಎಂಟರ್, ದೊಡ್ಡಕ್ಷರ ಸಣ್ಣಕ್ಷರ ಲೆಕ್ಕಕ್ಕಿಲ್ಲ. 52ರಲ್ಲಿ 31 ಜನ. ಮಿಕ್ಕ 21ರಲ್ಲಿ 6 ಜನ ಜಾವಾದಲ್ಲಿ ಪಬ್ಲಿಕ್ ಕ್ಲಾಸಿಗೆ ತಮ್ಮ ಹೆಸರೋ ಪ್ರಾಬ್ಲಮ್ಮಿನ ಹೆಸರೋ ಇಟ್ಟಿದ್ದರು, ನಮ್ಮ ಸರ್ವರ್ ಮೇನ್ ಅಂತಲೇ ಇರಬೇಕು ಅನ್ನೋ ಹಾಗೆ ಸೆಟ್ ಆಗಿತ್ತು, ಅದನ್ನ ಇನ್‌ಸ್ಟ್ರಕ್ಷನ್ ಪೇಜಿನ ಕೊನೆಯಲ್ಲೆಲ್ಲೋ ಬರೆದಿದ್ವಿ. 5 ಜನ ಪೈಥಾನಲ್ಲಿ ಒಂದೇ ಸಾಲಲ್ಲಿ ಬರೋ ಹತ್ತು ಸಂಖ್ಯೆನ ಇಂಟ್ ಇನ್‌ಪುಟ್ ಅಂತ ಒಂದೊಂದಾಗಿ ಓದೋಕೆ ಹೋಗಿ ವ್ಯಾಲ್ಯೂ ಎರರ್ ತಿಂದಿದ್ದರು, ಸ್ಪ್ಲಿಟ್ ಮಾಡಬೇಕು ಅಂತ ಗೊತ್ತಿರಲಿಲ್ಲ. ಉಳಿದ 10 ಜನರದ್ದು ನಿಜವಾಗಿ ಲಾಜಿಕ್ ತಪ್ಪು, ಹೆಚ್ಚಿನವರು ಮ್ಯಾಕ್ಸನ್ನ ಸೊನ್ನೆಯಿಂದ ಶುರು ಮಾಡಿದ್ದರು, ಎಲ್ಲಾ ಸಂಖ್ಯೆ ಮೈನಸ್ ಇದ್ದಾಗ ಕೆಡುತ್ತೆ ಅದು.

ಆದ್ರೆ ಎಂಟರ್ ಅಂತ ಬರೆದ ಮಾತ್ರಕ್ಕೆ ಅದೇ ತಪ್ಪು ಅಂತ ಹೇಳೋಕಾಗಲ್ಲ ಅಲ್ವಾ, ಅದರ ಜೊತೆ ಲಾಜಿಕ್ಕೂ ತಪ್ಪಿರಬಹುದು. ಹಾಗಾಗಿ 31 ಜನರ ಕೊನೆಯ ಸಬ್ಮಿಷನ್ ತೆಗೆದು ಪ್ರಾಂಪ್ಟ್, ಅಂದ್ರೆ ಆ ಎಂಟರ್ ದ ತರದ ಲೈನ್‌ಗಳನ್ನ ಅಳಿಸಿ ಅದೇ ಟೆಸ್ಟ್ ಡೇಟಾ ಮೇಲೆ ಓಡಿಸಿದೆ. ರೆಜೆಕ್ಸ್ (ಪದದ ಮಾದರಿ ಕೊಟ್ಟು ಹುಡುಕೋ ವಿಧಾನ) ಹಾಕಿ ಒಟ್ಟಿಗೆ ಅಳಿಸೋ ಯೋಚನೆ ಇತ್ತು, ಎರಡು ಕೋಡಲ್ಲಿ ಪ್ರಾಂಪ್ಟೂ ಉತ್ತರವೂ ಒಂದೇ ಪ್ರಿಂಟ್‌ಎಫ್ ಒಳಗಿತ್ತು, ಅದಕ್ಕೆ ಬಿಟ್ಟು ಎರಡು ಸಂಜೆ ಕೂತು ಒಂದೊಂದೇ ಕೈಯಲ್ಲಿ ತೆಗೆದೆ. ಬೇರೆ ಒಂದಕ್ಷರ ಮುಟ್ಟಲಿಲ್ಲ. 19 ಪಾಸಾಯ್ತು. ಹತ್ತೊಂಬತ್ತು ಮಕ್ಕಳು ಪ್ರಾಬ್ಲಂ ಸಾಲ್ವ್ ಮಾಡಿ ಕೂತಿದ್ದರು, ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.

ಆ 31 ಜನರಲ್ಲಿ ಒಬ್ಬನ ಸಾಲುಗಳನ್ನ ನಾನು ಟೈಮ್ ಪ್ರಕಾರ ಸಾರ್ಟ್ ಮಾಡಿ ಓದಿದೆ. ಎ ಪ್ರಾಬ್ಲಮ್ಮಿಗೆ 14 ಸಬ್ಮಿಷನ್. ಮೊದಲನೇದು 9ನೇ ನಿಮಿಷ, ಕೊನೇದು 171. ಮೊದಲನೇದರ ಲಾಜಿಕ್ ಪೂರ್ತಿ ಸರಿ. ರಾಂಗ್ ಆನ್ಸರ್ ಬಂತು. ಎರಡನೇದರಲ್ಲಿ ಫಾರ್ ಲೂಪನ್ನ ವೈಲ್ ಮಾಡಿದ್ದಾನೆ. ಮೂರನೇದರಲ್ಲಿ ಅರೇ ಸೈಜ್ ದೊಡ್ಡದು ಮಾಡಿದ್ದಾನೆ. ಐದನೇದರಲ್ಲಿ ಇಡೀ ಅರೇನ ಬಬಲ್ ಸಾರ್ಟ್ ಮಾಡಿ ಮೊದಲನೇದು ಕೊನೇದು ತಗೊಂಡಿದ್ದಾನೆ, ಅದೂ ಸರಿಯಾದ ಉತ್ತರವೇ. ಎಂಟನೇದರಲ್ಲಿ ಪ್ರಾಂಪ್ಟನ್ನ ಇನ್ನೂ ವಿವರವಾಗಿ ಬರೆದಿದ್ದಾನೆ, ಬಹುಶಃ ಕೇಳೋ ರೀತಿ ಸರಿ ಇಲ್ಲ ಅಂದುಕೊಂಡು. ಹನ್ನೊಂದನೇದರಿಂದ ಲಾಜಿಕ್ಕೇ ಕೆಡಿಸಿಕೊಂಡಿದ್ದಾನೆ, ಸರಿ ಇದ್ದಿದ್ದನ್ನೆಲ್ಲ ಅನುಮಾನ ಪಟ್ಟು ಪಟ್ಟು. ಕೊನೆಯ ಸಬ್ಮಿಷನ್ ಮಾತ್ರ ಓಡಿಸಿದ್ದರಿಂದ ಇವನು ಆ 19ರ ಲೆಕ್ಕದಲ್ಲೂ ಬರಲಿಲ್ಲ. ಎರಡು ಗಂಟೆ ನಲವತ್ತೆರಡು ನಿಮಿಷ ಒಂದೇ ಪ್ರಾಬ್ಲಂ ಹಿಡ್ಕೊಂಡು ಕೂತ ಹುಡುಗನ್ನ ನಾವು ಸೊನ್ನೆ ಅಂತ ಬೇಸಿಕ್ ಸಿ ಕ್ಲಾಸಿಗೆ ಕಳಿಸ್ತಿದ್ವಿ. ಛಲ ಅನ್ನೋದಕ್ಕೆ ಇದಕ್ಕಿಂತ ಅಳತೆ ಬೇಕಾ?

ಐಸಿಪಿಸಿ ತರ ಇಲ್ಲದೆ ಐಓಐ ತರ, ಅಂದ್ರೆ ಹೈಸ್ಕೂಲ್ ಪಿಯುಸಿ ಮಕ್ಕಳ ಇನ್‌ಫರ್ಮ್ಯಾಟಿಕ್ಸ್ ಒಲಿಂಪಿಯಾಡ್ ತರ, ಪ್ರತಿ ಪ್ರಾಬ್ಲಮ್ಮಿಗೆ 100 ಮಾರ್ಕು, ಸಬ್‌ಟಾಸ್ಕಿಗೆ ಇಷ್ಟಿಷ್ಟು ಅಂತ ಪಾರ್ಷಿಯಲ್ ಮಾರ್ಕ್ಸ್ ಇಟ್ಟಿದ್ರೆ ಈ ಸಮಸ್ಯೆ ಬರ್ತಿರಲಿಲ್ಲ ಅಂತ ಒಬ್ಬ ಸಹೋದ್ಯೋಗಿ ಹೇಳಿದ್ರು. ಪೂರ್ತಿ ಸರಿಯಲ್ಲ ಅದು. ಪ್ರಾಂಪ್ಟ್ ಇದ್ರೆ ಎಲ್ಲಾ ಟೆಸ್ಟಲ್ಲೂ ತಪ್ಪೇ, ಎಲ್ಲಾ ಸಬ್‌ಟಾಸ್ಕಲ್ಲೂ ಸೊನ್ನೆಯೇ. ಮಾರ್ಕ್ಸ್ ಕೊಡೋ ರೀತಿ ಬದಲಾಯಿಸಿದ್ರೆ ಆ ಹತ್ತು ಜನಕ್ಕೆ ಉಪಯೋಗ ಆಗಬಹುದಿತ್ತು, ಆ 31 ಜನಕ್ಕಲ್ಲ.

ಸಿ ಪ್ರಾಬ್ಲಮ್ಮಲ್ಲೂ ಒಂದು ಸಿಕ್ತು, ಇದು 82ರಲ್ಲಿದ್ದವರ ವಿಷಯ. ಕ್ರಾಸ್‌ಟ್ಯಾಬ್ ಅಂತ ಒಂದು ಫಂಕ್ಷನ್ನಿದೆ, ಭಾಷೆ ಒಂದು ಕಡೆ ತೀರ್ಪು ಇನ್ನೊಂದು ಕಡೆ ಹಾಕಿದ್ರೆ ಚೌಕ ಚೌಕವಾಗಿ ಲೆಕ್ಕ ಕೊಡುತ್ತೆ. ಪೈಥಾನಲ್ಲಿ ಈ ಪ್ರಾಬ್ಲಂ ಬರೆದವರು ಬಹುತೇಕ ಪಾಸು, ಸಿ ಭಾಷೆ ಮತ್ತೆ ಜಾವಾದವರು ಸಾಲಾಗಿ ರಾಂಗ್ ಆನ್ಸರ್, ಅದೂ ಎಲ್ಲರೂ ಮೂರನೇ ಟೆಸ್ಟಲ್ಲೇ ಬಿದ್ದಿದ್ದಾರೆ. ಒಂದು ಲಕ್ಷ ಸಂಖ್ಯೆಗಳ ಮೊತ್ತ, ಪ್ರತಿಯೊಂದೂ ಒಂದು ಲಕ್ಷದವರೆಗೆ ಇರಬಹುದು, ಲಕ್ಷ ಇಂಟು ಲಕ್ಷ ಅಂದ್ರೆ ಸಾವಿರ ಕೋಟಿ. 32 ಬಿಟ್ಟಿನ ಇಂಟ್ ಹಿಡಿಯೋದು 2147483647 ವರೆಗೆ, ಇನ್ನೂರ ಹದಿನಾಲ್ಕು ಕೋಟಿ ಚಿಲ್ಲರೆ. ಓವರ್‌ಫ್ಲೋ ಆಗಿ ಮೈನಸ್ ಉತ್ತರ ಬಂದಿದೆ. ಪೈಥಾನಲ್ಲಿ ಇಂಟಿಗೆ ಆ ಮಿತಿ ಇಲ್ಲ, ಅದಕ್ಕೆ ಆ ಮಕ್ಕಳಿಗೆ ಆ ಗುಂಡಿ ಎದುರಾಗಲೇ ಇಲ್ಲ. ಇದರಲ್ಲಿ ಮಕ್ಕಳ ತಪ್ಪು ಇದೆ, ಸಿ ಭಾಷೆಯಲ್ಲಿ ಲಾಂಗ್ ಲಾಂಗ್, ಜಾವಾದಲ್ಲಿ ಲಾಂಗ್ ಹಾಕಬೇಕಿತ್ತು, ಲಿಮಿಟ್ಸ್ ನೋಡೋದು ಕಲೀಬೇಕು, ಇದು ಟ್ರೈನಿಂಗಲ್ಲಿ ಹೇಳಿಕೊಡೋ ವಿಷಯ. ಎ ಪ್ರಾಬ್ಲಮ್ಮಿನದ್ದು ಹಾಗಲ್ಲ, ಅದು ನಾವು ಕಲಿಸಿದ್ದನ್ನೇ ಅವರು ಮಾಡಿದ್ದು. ಈ ಎರಡನ್ನ ಒಂದೇ ತಕ್ಕಡಿಗೆ ಹಾಕಬಾರದು ಅಂತ ನಾನು ಮೀಟಿಂಗಲ್ಲಿ ಒತ್ತಿ ಹೇಳಿದೆ.

ಇನ್ನೊಂದು ಕೇಳಿದ್ರು ಮೀಟಿಂಗಲ್ಲಿ, ಡಿಪ್ಲೊಮಾ ಮಾಡಿ ಲ್ಯಾಟರಲ್ ಎಂಟ್ರಿಯಲ್ಲಿ ಬಂದ ಮಕ್ಕಳು ಹೇಗೆ ಮಾಡಿದ್ದಾರೆ, ಬೇರೆ ಚಾರ್ಟ್ ಹಾಕಿ ಅಂತ. ಅವರ ರೋಲ್ ನಂಬರ್ 400ರಿಂದ ಶುರುವಾಗುತ್ತೆ, ಯುಎಸ್‌ಎನ್ನಿನ ಕೊನೆ ಮೂರಂಕಿ ತೆಗೆದು ಇಂಟ್ ಮಾಡಿದ್ರೆ ಒಂದೇ ಲೈನಲ್ಲಿ ಬೇರೆ ಮಾಡಬಹುದು. ಮಾಡಿ ನೋಡಿದೆ, 11 ಜನ. ಹನ್ನೊಂದು ಜನರ ಮೇಲೆ ಶೇಕಡಾ ಹಾಕಿ ಬಣ್ಣದ ಬಾರ್ ಬಿಡಿಸಿದ್ರೆ, ಇಬ್ಬರು ಆ ಕಡೆ ಈ ಕಡೆ ಆದ್ರೂ ಬಾರು ಇಪ್ಪತ್ತರ ಹತ್ತಿರ ಜಿಗಿಯುತ್ತೆ. ಆ ಚಾರ್ಟ್ ಒಂದು ಸಲ ಸ್ಲೈಡಿಗೆ ಹೋದ್ರೆ ಮುಂದಿನ ಮೂರು ವರ್ಷ ಡಿಪ್ಲೊಮಾ ಮಕ್ಕಳು ಹೀಗೆ ಅಂತ ಮಾತಾಗುತ್ತೆ. ಹಾಕಲ್ಲ ಅಂದೆ, ಎಚ್‌ಓಡಿ ಒಪ್ಪಿದ್ರು.

ಬ್ಯಾಚಿನ ವಿಷಯದಲ್ಲಿ ಚರ್ಚೆ ಸ್ವಲ್ಪ ಉದ್ದ ಆಯ್ತು. ಆ 19 ಜನರಿಗೆ ಮಾರ್ಕ್ಸ್ ಸೇರಿಸಿ ರ‍್ಯಾಂಕ್ ಬದಲಾಯಿಸಿ ಅಂತ ಒಬ್ಬರು, ಬೇಡ ಅಂತ ನಾನು. ರೂಲ್ ಪ್ರಕಾರ ರಾಂಗ್ ಆನ್ಸರ್ ರಾಂಗ್ ಆನ್ಸರೇ, ಸರಿಯಾಗಿ ಔಟ್‌ಪುಟ್ ಕೊಟ್ಟು ಗೆದ್ದ ಮಕ್ಕಳಿಗೆ ಅನ್ಯಾಯ ಆಗಬಾರದು. ರ‍್ಯಾಂಕ್ ಲಿಸ್ಟ್ ಬೇರೆ, ಯಾರಿಗೆ ಏನು ಕಲಿಸಬೇಕು ಅನ್ನೋ ಲಿಸ್ಟ್ ಬೇರೆ, ಎರಡಕ್ಕೂ ಒಂದೇ ಶೀಟ್ ಬಳಸಿದ್ದೇ ಮೊದಲನೇ ತಪ್ಪು. ಕೊನೆಗೆ ಆಗಿದ್ದು ಇಷ್ಟು: ರ‍್ಯಾಂಕ್ ಲಿಸ್ಟನ್ನ ಪೆನಾಲ್ಟಿ ಸರಿ ಮಾಡಿ ಮತ್ತೆ ಹಾಕಿದ್ವಿ, ಮೊದಲನೇದು ತಪ್ಪಿತ್ತು ಅಂತ ನೋಟಿಸಲ್ಲೇ ಬರೆದು. ಟ್ರೈನಿಂಗಿಗೆ ಬರ್ತೀನಿ ಅಂದ ಎಲ್ಲರಿಗೂ ಬಾಗಿಲು ತೆರೆದ್ವಿ. ಮೊದಲ ಕ್ಲಾಸು ಪೂರ್ತಿ ಜಡ್ಜ್ ಹೇಗೆ ಓದುತ್ತೆ ಅನ್ನೋದರ ಮೇಲೆ, ಅಲ್ಗಾರಿದಂ ಒಂದೂ ಇಲ್ಲ. ಉತ್ತರದ ಫೈಲನ್ನೂ ಅವರ ಔಟ್‌ಪುಟ್ಟನ್ನೂ ಅಕ್ಕಪಕ್ಕ ಇಟ್ಟು ಡಿಫ್ ಓಡಿಸಿ ತೋರಿಸಿದೆ, "ದ ಡಿಫರೆನ್ಸ್ ಈಸ್" ಅನ್ನೋ ಪದಗಳು ಕೆಂಪಲ್ಲಿ ಬಂದಾಗ ಹಿಂದಿನ ಬೆಂಚಿಂದ "ಅಯ್ಯೋ ಇದಾ" ಅಂತ ಒಂದು ದನಿ ಬಂತು. ಮತ್ತೆ ಪ್ರತಿ ಕಾಂಟೆಸ್ಟಿಗೂ ಮುಂಚೆ ಅರ್ಧ ಗಂಟೆ ಪ್ರಾಕ್ಟೀಸ್ ಸೆಷನ್ ಇಡೋದು ಅಂತ ಆಯ್ತು, ಐಸಿಪಿಸಿ ವರ್ಲ್ಡ್ ಫೈನಲ್ಸಲ್ಲೇ ಅಂಥದ್ದು ಇರುತ್ತೆ, ನಮ್ಮ ಮಕ್ಕಳಿಗೆ ಯಾಕೆ ಬೇಡ.

ಒಂದು ತಿಂಗಳಿಗೆ ಎರಡನೇ ಕಾಂಟೆಸ್ಟ್ ನಡೀತು. ಆ 52ರಲ್ಲಿ 44 ಜನ ಬಂದ್ರು, 35 ಜನ ಒಂದಾದ್ರೂ ಸಾಲ್ವ್ ಮಾಡಿದ್ರು. ಪ್ರಾಬ್ಲಂಗಳು ಬೇರೆ, ನಡುವೆ ಕ್ಲಾಸೂ ಆಗಿದೆ, ಹಾಗಾಗಿ ಎಷ್ಟು ಯಾವುದರಿಂದ ಅಂತ ಬಿಡಿಸಿ ಹೇಳೋಕಾಗಲ್ಲ, ನಾನು ಹೇಳೋದೂ ಇಲ್ಲ. ಸ್ಕ್ರಿಪ್ಟಲ್ಲಿ ಈಗ ಮೊದಲನೇ ಕೆಲಸ ಇಂಡಿಕೇಟರ್ ಕಾಲಮ್ಮನ್ನ ಎಣಿಸೋದು, ತಾಳೆ ಆಗದ ಒಂದು ಸಾಲಿದ್ರೂ ಅದು ಮುಂದಕ್ಕೆ ಹೋಗಲ್ಲ, ನಿಂತ್ಕೊಂಡು ಹೆಸರು ತೋರಿಸುತ್ತೆ.

14 ಸಲ ಕಳಿಸಿದ ಹುಡುಗನ ಸಾಲು ಹುಡುಕಿ ನೋಡಿದೆ. ಎ ಪ್ರಾಬ್ಲಂ, 12ನೇ ನಿಮಿಷ, ಮೊದಲನೇ ಸಬ್ಮಿಷನ್ನಲ್ಲೇ ಅಕ್ಸೆಪ್ಟೆಡ್. ಬಿ, 58. ಸಾಯಂಕಾಲ ಲ್ಯಾಬ್ ಬೀಗ ಹಾಕುವಾಗ ಹತ್ತಿರ ಬಂದು ನಿಂತ, ಖುಷಿಯ ಮಾತು ಹೇಳ್ತಾನೆ ಅಂದುಕೊಂಡೆ, ಅವನು ಕೇಳಿದ್ದು ಬೇರೆ. "ಸರ್, ಮುಂದಿನ ವಾರ ಲ್ಯಾಬ್ ಎಕ್ಸಾಮ್ ಇದೆ, ಅದರಲ್ಲಿ ಎಂಟರ್ ದ ವ್ಯಾಲ್ಯೂ ಅಂತ ಬರೀಬೇಕಾ ಬೇಡ್ವಾ?" ಎಕ್ಸ್‌ಟರ್ನಲ್ ಎಕ್ಸಾಮಿನರ್ ಮನುಷ್ಯ, ಓದಿ ಮಾರ್ಕ್ಸ್ ಕೊಡ್ತಾರೆ, ಅಲ್ಲಿ ಬರಿ ಅಂದೆ. ಸರಿ ಸರ್ ಅಂತ ತಲೆ ಆಡಿಸಿ ಹೋದ.